ಕೊತ್ತತ್ತಿ ಎಂದು ಕೂಗಿದ್ದು

ನಮ್ಮ ವಾರ್ಡಿನಲ್ಲಿ ಯಾರಿಗೂ ಹೆಸರಿರಲಿಲ್ಲ. ಫೈಲಿನ ಮೇಲೆ ಬರೆದಿರುತ್ತಿತ್ತು, ಲ್ಯಾಬಿಗೆ ಹೋಗುವ ಚೀಟಿಯ ಮೇಲೆ ಬರೆದಿರುತ್ತಿತ್ತು, ಆದರೆ ಬಾಯಲ್ಲಿ ಯಾರೂ ಅದನ್ನು ಆಡುತ್ತಿರಲಿಲ್ಲ. ಬಾಯಲ್ಲಿದ್ದದ್ದು ಊರು. ಮದ್ದೂರಿನ ಆ ಚಿಕ್ಕ ನರ್ಸಿಂಗ್ ಹೋಮಿಗೆ ಸುತ್ತಲಿನ ಹಳ್ಳಿಗಳಿಂದ ಬರುತ್ತಿದ್ದ ಹೆಂಗಸರಲ್ಲಿ ಒಂದೇ ಹೆಸರಿನವರು ಒಂದೇ ವಾರ ಮೂವರು ಸೇರಿಬಿಡುತ್ತಿದ್ದರು. ಒಬ್ಬರನ್ನು ಕೂಗಿದರೆ ಮೂವರೂ ತಲೆ ಎತ್ತುತ್ತಿದ್ದರು. ಊರು ಹಿಡಿದು ಕೂಗಿದರೆ ಆ ತಾಪತ್ರಯವಿಲ್ಲ. ಪೂರಿಗಾಲಿಯವರು ಮಾತ್ರೆ ನುಂಗಿದರಾ, ಕೊತ್ತತ್ತಿಯವರಿಗೆ ಜ್ವರ ನೋಡಿದಿರಾ ಎಂದು ನಾವು ನರ್ಸುಗಳು ನಮ್ಮನಮ್ಮಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಡಾಕ್ಟರೂ ಹಾಗೆಯೇ ಕೇಳುತ್ತಿದ್ದರು. ಇದನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ. ನಾನು ಸೇರುವಾಗಲೇ ಇತ್ತು, ನನಗೂ ಹಿಡಿಸಿತು. ಊರಿನ ಹೆಸರು ಕಿವಿಗೆ ಬಿದ್ದರೆ ಹಳ್ಳಿಯಿಂದ ಬಂದ ಮುದುಕಿಯರ ಮುಖ ಅರಳುತ್ತಿತ್ತು. ಅದನ್ನು ಒಂದು ಒಳ್ಳೆಯ ರೂಢಿ ಎಂದೇ ನಾನು ತಿಳಿದಿದ್ದೆ.

ಆ ದಿನದ ವಿಷಯ ಬರೆಯಬೇಕೆಂದು ಎಷ್ಟೋ ಸಲ ಕುಳಿತು ಎದ್ದುಬಿಟ್ಟಿದ್ದೇನೆ. ಹೆದರಿಕೆ ಕಾಲ ಕಳೆದಂತೆ ಹೋಗುತ್ತದೆ ಎನ್ನುತ್ತಾರೆ. ನನ್ನದು ಹೋಗಿಲ್ಲ. ಇವತ್ತಿಗೂ ಸಿರಿಂಜಿಗೆ ಔಷಧಿ ಎಳೆದುಕೊಂಡ ಮೇಲೆ ಒಂದು ಗಳಿಗೆ ಕೈ ನಿಲ್ಲುತ್ತದೆ.

ನಾನು ಹುಟ್ಟಿದ್ದು ಮಳವಳ್ಳಿಯಲ್ಲಿ, ಮದುವೆ ಮಾಡಿ ಕೊಟ್ಟಿದ್ದು ಗೆಜ್ಜಲಗೆರೆಗೆ. ಗಂಡ ಅಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಬೆಳಿಗ್ಗೆ ಅವರು ಬೈಕು ಹತ್ತಿ ಹೋದ ಮೇಲೆ ನಾನು ಹೆದ್ದಾರಿಯ ಬದಿಗೆ ಬಂದು ನಿಂತರೆ ಮದ್ದೂರಿಗೆ ಯಾವುದಾದರೊಂದು ಬಸ್ಸು ಸಿಗುತ್ತಿತ್ತು. ನರ್ಸಿಂಗ್ ಓದಿದ್ದು ಮಂಡ್ಯದಲ್ಲಿ. ಅಷ್ಟು ಹೊತ್ತಿಗೆ ಕೆಲಸಕ್ಕೆ ಸೇರಿ ಹತ್ತು ವರ್ಷದ ಮೇಲಾಗಿತ್ತು. ಕೈ ಚುರುಕು ಎಂದು ಡಾಕ್ಟರು ಹೊಗಳುತ್ತಿದ್ದರು, ಬಾಯಿ ಅದಕ್ಕಿಂತ ಚುರುಕು ಎಂದು ಆಯಾ ಹಿಂದಿನಿಂದ ಸೇರಿಸುತ್ತಿದ್ದಳು. ಸುಳ್ಳಲ್ಲ. ಮಾತ್ರೆಯನ್ನು ದಿಂಬಿನಡಿಗೆ ಸೇರಿಸುವವರು, ಪಥ್ಯ ಹೇಳಿದ್ದರೂ ಬೋಂಡ ತರಿಸಿ ತಿನ್ನುವವರು, ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುವವರು, ಇವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ರೇಗುತ್ತಿದ್ದೆ. ನಾನು ರೇಗಿದರೆ ವಾರ್ಡು ಒಂದು ಹದಕ್ಕೆ ಬರುತ್ತದೆ ಎಂದು ಒಳಗೊಳಗೇ ಹೆಮ್ಮೆಯೂ ಇತ್ತು.

ಎರಡು ದಿನ ರಜೆ ಹಾಕಿ ಮಳವಳ್ಳಿಗೆ ಹೋಗಿದ್ದೆ. ಮೂರನೆಯ ದಿನ ಬೆಳಿಗ್ಗೆ ಕೆಲಸಕ್ಕೆ ಬಂದಾಗ ಹೆಂಗಸರ ವಾರ್ಡಿನ ಆರೂ ಮಂಚ ತುಂಬಿತ್ತು, ಆರೂ ಮುಖ ಹೊಸವು. ರಾತ್ರಿಪಾಳಿಯ ಹುಡುಗಿ ಬಸ್ಸು ಹಿಡಿಯುವ ಅವಸರದಲ್ಲಿ ಬಾಗಿಲಲ್ಲೇ ನಿಂತು ಒಪ್ಪಿಸಿದಳು. ಕೊತ್ತತ್ತಿಯವರಿಗೆ ಸಕ್ಕರೆ ಕಾಯಿಲೆ, ಕಾಲಿನಲ್ಲಿ ಗಾಯ, ಊಟಕ್ಕೆ ಮುಂಚೆ ಇನ್ಸುಲಿನ್ ಹದಿನಾಲ್ಕು ಯೂನಿಟ್. ಪೂರಿಗಾಲಿಯವರಿಗೆ ವಾಂತಿ ಭೇದಿ ನಿಂತಿದೆ, ಡ್ರಿಪ್ ತೆಗೆದಾಗಿದೆ, ನಾಳೆ ಮನೆಗೆ. ಉಳಿದ ನಾಲ್ವರದನ್ನೂ ಹೇಳಿದಳು. ನಾನು ತಲೆಯಾಡಿಸಿದೆ. ಯಾವ ಊರು ಯಾವ ಮಂಚ ಎಂದು ಒಂದು ಸಲ ಮಂಚದಿಂದ ಮಂಚಕ್ಕೆ ಹೋಗಿ ಕೇಳಿಕೊಂಡು ಬಂದಿದ್ದರೆ ಎರಡು ನಿಮಿಷದ ಕೆಲಸ. ಹೋಗಲಿಲ್ಲ. ಹೋಗಲಿಲ್ಲ ಏಕೆಂದರೆ ಊರು ಕೂಗಿದರೆ ಅವರೇ ಬರುತ್ತಾರಲ್ಲ.

ಓಡಾಡಬಲ್ಲವರು ನಮ್ಮ ಮೇಜಿನ ಹತ್ತಿರವೇ ಬಂದು ಸೂಜಿ ಹಾಕಿಸಿಕೊಂಡು ಹೋಗುವುದು ನಮ್ಮಲ್ಲಿ ಪದ್ಧತಿ. ಹನ್ನೆರಡೂಕಾಲಿಗೆ ನಾನು ಫ್ರಿಜ್ಜಿನಿಂದ ಇನ್ಸುಲಿನ್ ತೆಗೆದು, ಹದಿನಾಲ್ಕು ಯೂನಿಟ್ ಎಳೆದುಕೊಂಡು, ಬಾಗಿಲ ಕಡೆ ತಿರುಗಿ ಕೂಗಿದೆ.

‘ಕೊತ್ತತ್ತಿಯವರು ಯಾರಮ್ಮ? ಬೇಗ ಬನ್ನಿ.’

ಕಿಟಕಿ ಪಕ್ಕದ ಮಂಚದಿಂದ ಒಬ್ಬ ಹೆಂಗಸು ಎದ್ದರು. ಅರವತ್ತರ ಹತ್ತಿರದ ವಯಸ್ಸು, ಒಣಗಿದ ಮೈ, ಕೈಗೆ ಡ್ರಿಪ್ಪಿನ ಕೊಳವೆ ಚುಚ್ಚಿ ಪ್ಲಾಸ್ಟರು ಹಾಕಿದ್ದರು. ಸೆರಗನ್ನು ಹೆಗಲಿಗೆ ಎಳೆದುಕೊಳ್ಳುತ್ತಾ, ಮೇಷ್ಟ್ರು ಕೂಗಿದ ಮಗುವಿನಂತೆ ಬಿರಬಿರನೆ ಬಂದು ಸ್ಟೂಲಿನ ಮೇಲೆ ಕೂತರು.

‘ನಾನೇ ಕಣವ್ವ ಕೊತ್ತತ್ತಿಯೋಳು’ ಎಂದರು. ಸಿರಿಂಜು ನೋಡಿ, ‘ನಂಗೆ ಸೂಜಿ ಇಲ್ಲ, ಮಾತ್ರೆ ಅಷ್ಟೇಯ ಅಂತ ಅಂದಿದ್ರು ಡಾಕ್ಟ್ರು. ಇದ್ಯಾತಕ್ಕವ್ವ?’ ಎಂದು ಕೇಳಿದರು.

ಕೇಳಿದ್ದರು. ಈ ಒಂದು ಮಾತನ್ನು ನಾನು ಎಷ್ಟು ಸಲ ಕಿವಿಯೊಳಗೆ ಮತ್ತೆ ಕೇಳಿಸಿಕೊಂಡಿದ್ದೇನೋ. ನಾನು ಮುಖ ಕೂಡ ಎತ್ತಲಿಲ್ಲ. ‘ಡಾಕ್ಟ್ರು ಬರೆದಿದಾರೆ ಅಂತ ಹಾಕ್ತಿದೀನಿ, ನನಗೇನು ಬೇರೆ ಕೆಲಸ ಇಲ್ವಾ? ಕೈ ಚಾಚಿ’ ಎಂದೆ. ಅವರು ಚಾಚಿದರು. ತೋಳಿನಲ್ಲಿ ಚಿವುಟಲು ಕೊಬ್ಬೇ ಸಿಗಲಿಲ್ಲ. ಸಕ್ಕರೆ ಕಾಯಿಲೆಯವರು ಹೀಗೆ ಬಡಕಲಾಗುವುದೂ ಉಂಟು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸೂಜಿ ಹಾಕಿ, ಅರ್ಧ ಗಂಟೆಯೊಳಗೆ ಊಟ ಮಾಡಿ ಎಂದು ಹೇಳಿ, ಕೊತ್ತತ್ತಿಯ ಫೈಲು ತೆಗೆದು ‘ಕೊಟ್ಟಿದೆ’ ಎಂದು ಗುರುತು ಹಾಕಿ, ಹೊತ್ತು ಬರೆದು ಸಹಿ ಮಾಡಿದೆ. ಕಾಲಿನಲ್ಲಿ ಗಾಯ ಎಂದು ಆ ಫೈಲಿನ ಮೊದಲ ಸಾಲಿನಲ್ಲೇ ಇತ್ತು. ಆ ಹೆಂಗಸು ಬಿರಬಿರನೆ ನಡೆದು ಬಂದದ್ದನ್ನು ನಾನು ಈ ಕಣ್ಣಿನಿಂದಲೇ ನೋಡಿದ್ದೆ.

ಹನ್ನೆರಡೂ ಮುಕ್ಕಾಲರ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಚಿಕ್ಕ ವಯಸ್ಸಿನ ಹೆಂಗಸು ಊಟದ ಡಬ್ಬಿಯ ಚೀಲ ಹಿಡಿದು ನಿಂತಳು. ಬಸ್ಸು ತಡವಾಯಿತು ಎಂದು ಆಯಾಳಿಗೆ ಹೇಳುತ್ತಿದ್ದಳು. ಯಾರನ್ನು ನೋಡಬೇಕು ಎಂದು ಆಯಾ ಕೇಳಿದಳು.

‘ಪೂರಿಗಾಲಿಯೋರು ಕಣಕ್ಕ, ನಮ್ಮತ್ತೆ. ವಾಂತಿ ಭೇದಿ ಅಂತ ಸೇರ್ಸಿದ್ವಲ್ಲ. ಕೊತ್ತತ್ತವ್ವ ಅಂದ್ರೆ ಯಾರಾದ್ರೂ ತೋರುಸ್ತಾರೆ, ಅವ್ರು ಹುಟ್ಟಿದೂರು ಕೊತ್ತತ್ತಿ.’

ನಾನು ಮೇಜಿನ ಹತ್ತಿರ ಹತ್ತಿ ಉಂಡೆ ಕಟ್ಟುತ್ತಿದ್ದೆ. ಕೈ ಅಲ್ಲೇ ನಿಂತಿತು. ಅವಳು ಹೇಳಿದ ರೂಢಿಯಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ನಮ್ಮ ಕಡೆ ಸೊಸೆಯಾಗಿ ಬಂದವಳನ್ನು ತೌರಿನ ಊರು ಹಿಡಿದೇ ಕೂಗುವುದು. ಗಂಡನ ಮನೆಗೆ ಕಾಲಿಟ್ಟ ದಿನ ಹತ್ತಿದ ಹೆಸರು ಸಾಯುವ ತನಕ ಬಿಡುವುದಿಲ್ಲ. ಪೂರಿಗಾಲಿಗೆ ಕೊತ್ತತ್ತಿಯಿಂದ ಬಂದವಳು ಪೂರಿಗಾಲಿಗೆಲ್ಲ ಕೊತ್ತತ್ತಿ. ಗೆಜ್ಜಲಗೆರೆಯಲ್ಲಿ ನನ್ನ ಅತ್ತೆ, ಓರಗಿತ್ತಿ, ಪಕ್ಕದ ಮನೆಯ ಮುದುಕಿ, ಎಲ್ಲರೂ ನನ್ನನ್ನು ಮಳವಳ್ಳಿ ಎಂದೇ ಕರೆಯುತ್ತಿದ್ದರು. ಅವತ್ತು ಬೆಳಿಗ್ಗೆ ಕೂಡ ಅತ್ತೆ, ‘ಮಳವಳ್ಳಿ, ಡಬ್ಬಿ ಮರ್ತೋಯ್ತಿದ್ದೀಯಲ್ಲ’ ಎಂದು ಹಿಂದಿನಿಂದ ಕೂಗಿದ್ದರು, ನಾನು ತಿರುಗಿ ನೋಡಿದ್ದೆ. ಹತ್ತು ವರ್ಷಕ್ಕೂ ಮೇಲೆ ಆ ಕೂಗಿಗೆ ಓಗೊಟ್ಟವಳಿಗೆ, ಇನ್ನೊಬ್ಬಳು ಹಾಗೆಯೇ ಓಗೊಟ್ಟಾಳು ಎಂದು ಹೊಳೆಯಲಿಲ್ಲ.

ಫೈಲು ತೆಗೆದು ನೋಡುವುದಕ್ಕೂ ಭಯ. ನೋಡಿದರೆ ನಿಜವಾಗಿಬಿಡುತ್ತದೆ ಎಂಬ ಮಕ್ಕಳ ಭಯ. ಆಯಾಳನ್ನು ಕೇಳಿದೆ, ಕಾಲು ಗಾಯದವರು ಎಲ್ಲಿ ಎಂದು. ನಾಲ್ಕನೆಯ ಮಂಚ ಖಾಲಿ ಇತ್ತು. ‘ಅವ್ರುನ್ನ ಆಗ್ಲೇ ಹನ್ನೊಂದೂವರೆಗೆ ಸ್ಕ್ಯಾನಿಗೆ ಕರ್ಕೊಂಡೋದ್ರಲ್ಲ ಸಿಸ್ಟ್ರೇ. ನೀವು ಡ್ರೆಸ್ಸಿಂಗ್ ರೂಮ್‌ನಲ್ಲಿದ್ರಿ’ ಎಂದಳು.

ಸಕ್ಕರೆ ಕಾಯಿಲೆಯೇ ಇಲ್ಲದ, ಎರಡು ದಿನ ವಾಂತಿ ಭೇದಿಯಾಗಿ ಹೊಟ್ಟೆಯಲ್ಲಿ ಏನೂ ಉಳಿಯದ ಒಂದು ಬಡಕಲು ಜೀವಕ್ಕೆ ಹದಿನಾಲ್ಕು ಯೂನಿಟ್ ಇನ್ಸುಲಿನ್. ಅದು ಮೈಯಲ್ಲಿರುವ ಸಕ್ಕರೆಯನ್ನೆಲ್ಲ ಎಳೆದು ಹಾಕುತ್ತದೆ. ಬೆವರು, ನಡುಕ, ಆಮೇಲೆ ಮಂಪರು, ಆಮೇಲೆ ಫಿಟ್ಸು, ಆಮೇಲೆ ಎಚ್ಚರವೇ ಇಲ್ಲ. ಪರೀಕ್ಷೆಗೆ ಓದುವಾಗ ಇದನ್ನು ಬಾಯಿಪಾಠ ಮಾಡಿ ಒಪ್ಪಿಸಿದ್ದೆ. ಈಗ ಅದೇ ಸಾಲುಗಳು ಒಂದರ ಹಿಂದೆ ಒಂದು ತಲೆಯೊಳಗೆ ಓಡುತ್ತಿದ್ದವು.

ಮೀಟರು ಹಿಡಿದು ಕಿಟಕಿಯ ಮಂಚಕ್ಕೆ ಹೋದೆ. ಸೊಸೆ ಡಬ್ಬಿಯಿಂದ ಮೊಸರನ್ನ ತೆಗೆಯುತ್ತಿದ್ದಳು. ಅತ್ತೆ ಗೋಡೆಗೆ ಒರಗಿದ್ದರು, ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ‘ಯಾಕೋ ಕಣ್ಣು ಕತ್ಲೆ ಬತ್ತದೆ ಕಣವ್ವ’ ಎಂದರು. ಬೆರಳು ಚುಚ್ಚಿದೆ. ಮೀಟರು ಲೆಕ್ಕ ಹಾಕುವ ಆ ಐದು ಸೆಕೆಂಡು ನನ್ನ ಜೀವಮಾನದಲ್ಲೇ ಉದ್ದವಾದದ್ದು. ನಲವತ್ತೆಂಟು. ಎಪ್ಪತ್ತಕ್ಕಿಂತ ಕೆಳಗಿಳಿದರೇ ಅಪಾಯ.

ಡಾಕ್ಟರ ಕೋಣೆಗೆ ಓಡಿದೆ. ಒಳಗೆ ಇಬ್ಬರು ರೋಗಿಗಳು ಕೂತಿದ್ದರು. ಏನು ಹೇಳಿದೆನೋ, ಹೇಗೆ ಹೇಳಿದೆನೋ ನೆನಪಿಲ್ಲ, ಅವರ ಮುಖದ ಬಣ್ಣ ಇಳಿದದ್ದು ಮಾತ್ರ ನೆನಪಿದೆ. ಕಾಲಿಗೆ ಚಪ್ಪಲಿ ಕೂಡ ಹಾಕದೆ ಬಂದರು. ಆ ಹೆಂಗಸಿನ ಕೈಗಿದ್ದ ಕೊಳವೆ ಇನ್ನೂ ತೆಗೆದಿರಲಿಲ್ಲ, ಅದೊಂದು ಪುಣ್ಯ. ಗಟ್ಟಿ ಗ್ಲೂಕೋಸನ್ನು ಅವರೇ ಸಿರಿಂಜಿನಲ್ಲಿ ಎಳೆದು ನಿಧಾನಕ್ಕೆ ಒತ್ತಿದರು. ಆಮೇಲೆ ಗ್ಲೂಕೋಸಿನ ಡ್ರಿಪ್ ಏರಿಸಿದೆವು. ಹತ್ತು ನಿಮಿಷಕ್ಕೆ ಆ ಹೆಂಗಸು ಕಣ್ಣರಳಿಸಿ, ‘ಈಗ ಪರ್ವಾಗಿಲ್ಲ’ ಎಂದರು. ಮೀಟರಿನಲ್ಲಿ ನೂರಾ ಮೂವತ್ತು ಬಂತು. ಸೊಸೆ ಮೊಸರನ್ನವನ್ನು ಒಂದೊಂದೇ ತುತ್ತು ತಿನ್ನಿಸಿದಳು.

ಡಾಕ್ಟರು ನನ್ನನ್ನು ಔಷಧಿ ಕೋಣೆಗೆ ಕರೆದರು. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಿದ್ದರೆ ಚೆನ್ನಾಗಿತ್ತು.

‘ಇನ್ಸುಲಿನ್ ಇನ್ನೂ ಐದಾರು ಗಂಟೆ ಕೆಲಸ ಮಾಡುತ್ತೆ, ಮತ್ತೆ ಬೀಳುತ್ತೆ. ಹದಿನೈದು ನಿಮಿಷಕ್ಕೊಂದು ಸಲ ನೋಡಿ. ಹತ್ತಿರದಿಂದ ಕದಲಬೇಡಿ’ ಎಂದರು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ‘ಮನೆಯವರಿಗೆ ಏನೂ ಹೇಳಬೇಡಿ. ನಿಶ್ಶಕ್ತಿಗೆ ಸಕ್ಕರೆ ಇಳಿದಿತ್ತು ಅಂತ ನಾನು ಹೇಳ್ತೀನಿ. ಫೈಲಿನಲ್ಲೂ ಈಗ ಏನೂ ತಿದ್ದೋಕೆ ಹೋಗಬೇಡಿ. ಹೋದ ವರ್ಷದ್ದು ನೆನಪಿದೆಯಲ್ಲ?’

ನೆನಪಿತ್ತು. ಹೋದ ವರ್ಷ ಹೃದಯಾಘಾತವಾಗಿ ದಾರಿಯಲ್ಲೇ ಜೀವ ಹೋಗಿದ್ದ ಒಬ್ಬರನ್ನು ತಂದಿದ್ದರು. ನಾವು ಮುಟ್ಟುವುದಕ್ಕೆ ಮುಂಚೆಯೇ ಹೋಗಿದ್ದರು. ಆದರೂ ಅವರ ಕಡೆಯವರು ಮುಂದಿನ ಗಾಜು ಒಡೆದಿದ್ದರು, ಡಾಕ್ಟರ ಅಂಗಿ ಹರಿದಿದ್ದರು, ನಾನು ಮತ್ತು ಆಯಾ ಬಚ್ಚಲುಮನೆಯ ಚಿಲಕ ಹಾಕಿಕೊಂಡು ಒಂದು ಗಂಟೆ ಕೂತಿದ್ದೆವು. ತಪ್ಪಿಲ್ಲದಾಗಲೇ ಹಾಗೆ. ತಪ್ಪಿದ್ದಾಗ ಏನು ಮಾಡಿಯಾರು? ಡಾಕ್ಟರು ಕೆಟ್ಟವರಲ್ಲ. ನಾನು ಆಗಲಿ ಸಾರ್ ಎಂದೆ. ನಿಜ ಹೇಳಬೇಕೆಂದರೆ, ಹೇಳಬೇಡಿ ಎಂದಾಗ ನನ್ನ ಎದೆಯ ಮೇಲಿನ ಕಲ್ಲು ಇಳಿದಂತೆ ಅನ್ನಿಸಿತು. ನಾಚಿಕೆಯಾಗುತ್ತದೆ, ಆದರೆ ಹಾಗೆಯೇ ಅನ್ನಿಸಿದ್ದು.

ಒಂದೂಕಾಲಿನಿಂದ ಮೂರೂವರೆಯ ತನಕ ಆ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತಿದ್ದೆ. ನೂರಾ ಮೂವತ್ತು ಇದ್ದದ್ದು ನೂರಾಯಿತು, ತೊಂಬತ್ತಾಯಿತು, ಎಪ್ಪತ್ತಕ್ಕೆ ಬಂತು. ಒಂದೊಂದು ಸಲವೂ ಬೇರೆ ಬೆರಳು ಚುಚ್ಚುತ್ತಿದ್ದೆ. ಗದ್ದೆಯಲ್ಲಿ ನಾಟಿ ಮಾಡಿ, ಕಳೆ ಕಿತ್ತು ಚರ್ಮ ದಪ್ಪಗಾದ ಬೆರಳುಗಳು, ರಕ್ತ ಸುಲಭಕ್ಕೆ ಬರುತ್ತಿರಲಿಲ್ಲ. ಹಿಂಡಿದರೆ, ‘ನೋವಾಗಕಿಲ್ಲ, ಚುಚ್ಚವ್ವ’ ಎಂದು ಅವರೇ ಧೈರ್ಯ ಹೇಳುತ್ತಿದ್ದರು. ಎರಡು ಗಂಟೆಗೆ ಮತ್ತೆ ಐವತ್ತೆಂಟಕ್ಕೆ ಇಳಿಯಿತು. ಕಣ್ಣು ತೇಲಿಸಿದಂತಾಯಿತು, ಮಾತು ತೊದಲಿತು, ಸೊಸೆಯನ್ನು ಇನ್ಯಾರೋ ಎಂದುಕೊಂಡು, ‘ಅವ್ವ, ನೀರು ಸೇದ್ಕೊಂಡು ಬತ್ತೀನಿ ಇರು’ ಎಂದರು. ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು. ಡಾಕ್ಟರು ಬಂದು ಇನ್ನೊಂದು ಸಲ ಗಟ್ಟಿ ಗ್ಲೂಕೋಸು ಒತ್ತಿದರು. ನಾನು ನನಗೆ ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತೆ. ಇವರು ಉಳಿಯಲಿ ಎಂದು ಬೇಡಿಕೊಂಡೆ. ಅದರ ಬೆನ್ನಿಗೇ, ಗೊತ್ತಾಗದೇ ಇರಲಿ ಎಂದೂ ಬೇಡಿಕೊಂಡೆ. ಯಾವುದನ್ನು ಹೆಚ್ಚು ಬೇಡಿಕೊಂಡೆ ಎಂದು ಯಾರಾದರೂ ಕೇಳಿದರೆ ಹೇಳಲಾರೆ.

ನಡುವೆ ಕಾಲು ಗಾಯದ ಕೊತ್ತತ್ತಿಯವರು ಸ್ಕ್ಯಾನು ಮುಗಿಸಿಕೊಂಡು ತಂಗಿಯ ಹೆಗಲು ಹಿಡಿದು ಕುಂಟುತ್ತಾ ಬಂದರು. ದಪ್ಪನೆಯ, ಗಂಭೀರ ಮುಖದ ಹೆಂಗಸು. ನನ್ನ ಕಡೆ ಒಂದು ಸಲ ನೋಡಿದರು. ನಾನು ಮುಖ ತಿರುಗಿಸಿದೆ. ಆ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅವರ ತಂಗಿ ಮುದ್ದೆ, ಸಾರು ತಂದಿದ್ದಳು. ಉಂಡು ಮಲಗಿದರು.

ಮೂರು ಗಂಟೆಯ ನಂತರ ಮೀಟರಿನ ಸಂಖ್ಯೆ ನಿಧಾನಕ್ಕೆ ಏರಿ ನೂರಾ ಇಪ್ಪತ್ತರ ಆಸುಪಾಸಿನಲ್ಲಿ ನಿಂತಿತು. ಮಾತು ನೆಟ್ಟಗಾಯಿತು. ಆ ಹೊತ್ತಿಗೆ ಪೂರಿಗಾಲಿಯಿಂದ ಮಗ ಬಂದ. ಸೊಸೆ ಫೋನು ಮಾಡಿದ್ದಳು. ಅವನ ಹಿಂದೆ ಇಬ್ಬರು ಗಂಡಸರಿದ್ದರು. ಮಗ ಎತ್ತರದ ಆಳು, ಗದ್ದೆಯಿಂದ ನೇರ ಬಂದಿದ್ದ, ಪಂಚೆಯ ಅಂಚಿನಲ್ಲಿ ಕೆಸರಿತ್ತು. ಡಾಕ್ಟರು ಬಾಗಿಲಲ್ಲೇ ಎದುರುಗೊಂಡು ಒಪ್ಪಿಕೊಂಡ ಮಾತನ್ನೇ ಹೇಳಿದರು. ನಿಶ್ಶಕ್ತಿ, ಹೊಟ್ಟೆಗೆ ಸರಿಯಾಗಿ ಹೋಗಿಲ್ಲ, ಸಕ್ಕರೆ ಇಳಿದಿತ್ತು, ಈಗ ಸರಿಹೋಗಿದೆ.

ಅವನು ಕೂಗಾಡಲಿಲ್ಲ. ಮಂಚದ ಹತ್ತಿರ ಬಂದು ಹೆಂಡತಿಯ ಕಡೆ ತಿರುಗಿದ.

‘ಬೆಳಿಗ್ಗೆ ಏನು ಉಣ್ಣಾಕಿಕ್ಕಿದ್ದೆ?’

‘ಕತ್ಲಲ್ಲೇ ಓಟ್ಲಿಂದ ಇಡ್ಲಿ ತಂದ್ಕೊಟ್ಟು ಊರಿಗೆ ಓದೆ. ಒಂದು ತಿಂದು ಸಾಕು ಅಂದ್ರು’ ಎಂದಳು.

‘ಸಾಕು ಅಂದ್ರೆ ಬುಟ್ಬುಡೋದಾ? ಮದ್ಯಾನ್ನ ಎಷ್ಟೊತ್ಗೆ ಬಂದೆ ನೀನು? ಒಂದು ಗಂಟೆಗೆ? ಸಾಯ್ಲಿ ಅಂತ ಬುಟ್ಟಿದ್ಯಾ ನಮ್ಮವ್ವನ್ನ?’

‘ಬಸ್ಸು ಇರ್ಲಿಲ್ಲ’ ಎಂದಳು ಅವಳು. ತಲೆ ತಗ್ಗಿಸಿ ಡಬ್ಬಿಯ ಮುಚ್ಚಳವನ್ನು ಹಾಕುವುದು ತೆಗೆಯುವುದು ಮಾಡುತ್ತಿದ್ದಳು. ಆ ಇಬ್ಬರು ಗಂಡಸರಲ್ಲಿ ಒಬ್ಬ ನಾಲಿಗೆ ಲೊಚಗುಟ್ಟಿದ. ಮುದುಕಿ, ‘ಅವ್ಳುನ್ನ ಯಾಕ್ಲಾ ಅಂತೀಯೆ, ನಂಗೇ ಉಣ್ಣಾಕೆ ಆಗ್ಲಿಲ್ಲ’ ಎಂದರೂ ಅವನು ಕೇಳಿಸಿಕೊಳ್ಳಲಿಲ್ಲ. ಡಾಕ್ಟರು ಗಡಿಯಾರ ನೋಡಿಕೊಂಡರು. ಊರಿಗೆ ಹೋದ ಮೇಲೆ ಈ ಮಾತು ಮುಗಿಯುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅತ್ತೆಗೆ ಅನ್ನ ಹಾಕದೆ ಸಾಯಲು ಬಿಟ್ಟವಳು ಎಂಬ ಹೆಸರು ಪೂರಿಗಾಲಿಯಲ್ಲಿ ಅವಳಿಗೆ ಅಂಟಿಕೊಳ್ಳುತ್ತದೆ, ಇನ್ನು ಹತ್ತು ವರ್ಷ ಯಾವ ಜಗಳ ಬಂದರೂ ಅದು ಎದ್ದು ನಿಲ್ಲುತ್ತದೆ. ನಾನೂ ಒಬ್ಬ ಸೊಸೆ. ನನ್ನ ಸುಳ್ಳು ಅವಳ ತಲೆಯ ಮೇಲೆ ಹೋಗಿ ಕೂರುವುದನ್ನು ನಾನು ನಿಂತು ನೋಡುತ್ತಿದ್ದೆ.

ಧೈರ್ಯ ಬಂದು ಹೇಳಿದೆ ಎಂದು ಬರೆದರೆ ಅದೂ ಸುಳ್ಳೇ. ಬಾಗಿಲು ಎಷ್ಟು ದೂರ ಇದೆ ಎಂದು ಕಣ್ಣಳತೆಯಲ್ಲಿ ನೋಡಿಕೊಂಡಿದ್ದೆ. ಆದರೂ ಮಾತು ಹೊರಗೆ ಬಂತು.

‘ಅವರದ್ದೇನೂ ತಪ್ಪಿಲ್ಲ. ಇನ್ನೊಬ್ಬರಿಗೆ ಹಾಕಬೇಕಾದ ಸಕ್ಕರೆ ಕಾಯಿಲೆ ಸೂಜಿಯನ್ನ ನಿಮ್ಮಮ್ಮನಿಗೆ ಹಾಕಿಬಿಟ್ಟೆ. ಅದಕ್ಕೇ ಸಕ್ಕರೆ ಇಳಿದದ್ದು. ಕೊತ್ತತ್ತಿಯವರು ಯಾರು ಅಂತ ಕೂಗಿದೆ, ಇವರು ಬಂದರು. ಹೆಸರು ಕೇಳಲಿಲ್ಲ, ಫೈಲು ನೋಡಲಿಲ್ಲ. ಇದು ಯಾಕೆ ಅಂತ ಕೇಳಿದರು, ನಾನು ಗದರಿಸಿದೆ. ತಪ್ಪು ನನ್ನದು.’

ಡಾಕ್ಟರು ನನ್ನನ್ನು ನೋಡಿದ ನೋಟವನ್ನು ಹೇಳುವುದು ಬೇಡ. ಮಗ ನಿಧಾನಕ್ಕೆ ನನ್ನ ಕಡೆ ತಿರುಗಿದ.

‘ಏನಂದೆ? ಇನ್ನೊಂದ್ಸಲ ಏಳು.’

ನಾನು ಇನ್ನೊಂದು ಸಲ ಹೇಳಿದೆ. ಅವನು ಒಂದು ಹೆಜ್ಜೆ ಮುಂದೆ ಬಂದ, ಅವನ ಹಿಂದಿದ್ದವರೂ ಬಂದರು. ನನ್ನ ಬೆನ್ನಿಗೆ ಗೋಡೆ ತಗುಲಿತು. ಅವನ ಕೈ ಎತ್ತರಕ್ಕೆ ಹೋಗುತ್ತದೆ ಎಂದೇ ನಾನು ಕಣ್ಣು ಮುಚ್ಚಿದೆ.

‘ಸುಮ್ಕಿರ್ಲಾ’ ಎಂದರು ಮುದುಕಿ. ದನಿ ದೊಡ್ಡದಿರಲಿಲ್ಲ. ‘ಬದ್ಕಿವ್ನಿ ಅಲ್ವಾ? ಆಯಮ್ಮ ಮದ್ಯಾನ್ನದಿಂದ ನನ್ ಪಕ್ಕ ಬುಟ್ಟು ಕದಲಿಲ್ಲ. ಒಟ್ಟೆಗೂ ಏನೂ ತಿಂದಿಲ್ಲ. ಒಡ್ದು ಏನ್ ಮಾಡೀಯೆ?’

‘ಅವ್ವ, ನಿಂಗೊತ್ತಾಗಕಿಲ್ಲ ಸುಮ್ನಿರು. ನೀನು ಓಗ್ಬುಟ್ಟಿದ್ರೆ?’

‘ಓಗ್ಲಿಲ್ವಲ್ಲ’ ಎಂದರು. ಆಮೇಲೆ ದಿಂಬಿನ ಮೇಲೆ ಮೊಣಕೈ ಊರಿ ಸ್ವಲ್ಪ ಮೇಲೆದ್ದು, ನನ್ನ ಕಡೆ ನೋಡಿದರು. ಹಣೆಯಲ್ಲಿ ಗೆರೆ ಮೂಡಿತ್ತು.

‘ಅಂಗಾರೆ ಆ ಸೂಜಿ ನಾಕನೇ ಮಂಚದ ಆಯಮ್ಮಂದು ಅಲ್ವೇನವ್ವ? ನಮ್ಮ ತೌರೂರಿನೋಳು, ನೆನ್ನೆಯಿಂದ ಮಾತಾಡ್ಕೊಂಡಿದ್ದೊ. ಅವ್ಳಿಗೆ ಆಕುದ್ರಾ?’

ಡಾಕ್ಟರು ನನ್ನನ್ನು ನೋಡಿದರು, ನಾನು ಡಾಕ್ಟರನ್ನು ನೋಡಿದೆ. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಗಂಟೆ ಮೂರೂ ಮುಕ್ಕಾಲು. ಫೈಲಿನಲ್ಲಿ ‘ಕೊಟ್ಟಿದೆ’ ಎಂದಿತ್ತು, ಕೆಳಗೆ ನನ್ನ ಸಹಿ ಇತ್ತು. ಅದನ್ನು ನಂಬಿ ಅವರಿಗೆ ಯಾರೂ ಸೂಜಿ ಹಾಕುತ್ತಿರಲಿಲ್ಲ. ಸಂಜೆ ಸಕ್ಕರೆ ನೋಡಿ, ಹದಿನಾಲ್ಕು ಯೂನಿಟ್ ಸಾಲದು ಎಂದು ಡಾಕ್ಟರು ಇನ್ನೂ ಹೆಚ್ಚು ಬರೆಯುತ್ತಿದ್ದರು. ನಾವು ಮಾತಿಲ್ಲದೆ ಬಿಟ್ಟಿದ್ದರೆ ಒಂದು ತಪ್ಪು ಇನ್ನೊಂದನ್ನು ಹೊತ್ತುಕೊಂಡು ರಾತ್ರಿಯ ಪಾಳಿಗೆ ಹೋಗುತ್ತಿತ್ತು. ನಾನು ಈ ಮಧ್ಯಾಹ್ನವಿಡೀ ಹೆದರಿದ್ದೆ, ಹರಕೆ ಹೊತ್ತಿದ್ದೆ. ಏಳೆಂಟು ಅಡಿ ದೂರದಲ್ಲಿ ಮಲಗಿದ್ದ ನಾಲ್ಕನೆಯ ಮಂಚದ ಹೆಂಗಸು ನನ್ನ ಹೆದರಿಕೆಯೊಳಗೆ ಒಂದು ಸಲವೂ ಬಂದಿರಲಿಲ್ಲ.

ಮೀಟರು ತೆಗೆದುಕೊಂಡು ನಾಲ್ಕನೆಯ ಮಂಚಕ್ಕೆ ಓಡಿದೆ. ಅವರು ಎಚ್ಚರವಾಗಿಯೇ ಇದ್ದರು, ಎಲ್ಲವನ್ನೂ ಕೇಳಿಸಿಕೊಂಡಿದ್ದರು. ತುಟಿ ಒಣಗಿ ಬಿರಿದಿತ್ತು, ಪಕ್ಕದ ನೀರಿನ ಚೊಂಬು ಖಾಲಿಯಾಗಿತ್ತು. ಮೀಟರು ನಾನೂರ ಎಪ್ಪತ್ತು ತೋರಿಸಿತು. ಡಾಕ್ಟರು ಫೈಲು ಕಿತ್ತುಕೊಂಡು ಮಧ್ಯಾಹ್ನದ ಸಾಲನ್ನು ತಾವೇ ಹೊಡೆದುಹಾಕಿ, ಪಕ್ಕದಲ್ಲಿ ಕೊಟ್ಟಿಲ್ಲ ಎಂದು ಬರೆದು, ಕೆಳಗೆ ಹೊಸ ಲೆಕ್ಕ ಬರೆದರು. ನಾನು ಇನ್ಸುಲಿನ್ ಎಳೆದುಕೊಂಡೆ. ಅವರ ಹೆಸರು ಕೇಳಿದೆ, ಗಂಡನ ಹೆಸರು ಕೇಳಿದೆ, ಫೈಲಿನ ಮೇಲೆ ಬೆರಳಿಟ್ಟು ಓದಿದೆ, ಇನ್ನೊಂದು ಸಲ ಕೇಳಿದೆ.

‘ಊಟಕ್ಕೆ ಮುಂಚೆ ಹಾಕಬೇಕಾಗಿತ್ತು, ಹಾಕಲಿಲ್ಲ. ನಿಮಗೂ ತಪ್ಪು ಮಾಡಿದೆ’ ಎಂದೆ. ಒಂದೇ ಮಧ್ಯಾಹ್ನ ಎರಡನೆಯ ಸಲ.

ಅವರು ರವಿಕೆಯ ತೋಳನ್ನು ಮೇಲಕ್ಕೆ ಸರಿಸಿಕೊಂಡರು.

‘ಗೊತ್ತಿತ್ತು ಕಣವ್ವ’ ಎಂದರು. ‘ನೆನ್ನೆಯೆಲ್ಲ ಉಣ್ಣೋಕ್ಮುಂಚೆ ಆಕ್ತಿದ್ರಲ್ಲ, ಇವತ್ತು ಆಕ್ಲಿಲ್ಲ ಅಂತ ಬಂದಾಗ್ಲೇ ಗೊತ್ತಾಯ್ತು. ನನ್ ತಂಗಿ ಕೇಳು ಕೇಳು ಅಂದ್ಲು. ಬೆಳಿಗ್ಗೆ ನೀವು ಆ ಮೂಲೆ ಮಂಚದೋಳಿಗೆ ಬೈತಿದ್ರಲ್ಲ, ಅದ ನೋಡಿದ್ದೆ. ಕೇಳುದ್ರೆ ನಂಗೂ ರೇಗ್ತೀರ ಅಂತ ಎದ್ರಿಕೊಂಡು ಸುಮ್ಕಿದ್ದೆ.’

ಅವರ ದನಿಯಲ್ಲಿ ದೂರು ಇರಲಿಲ್ಲ. ಸೂಜಿ ಹಾಕಿದೆ, ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿ ಹಿಡಿದುಕೊಂಡು ಹಾಗೆಯೇ ನಿಂತಿದ್ದೆ. ಸಾಕು ಬುಡವ್ವ ಎಂದು ಅವರೇ ಹೇಳುವ ತನಕ ಕೈ ತೆಗೆಯಲಿಲ್ಲ.